ಅಂದಾಜು ಅಂಗೈಯಲ್ಲಿ, ಸಾಲದ ಖಾತೆ ಮಂಡಿಯಲ್ಲಿ

(ಚಳ್ಳಕೆರೆ ಮತ್ತು ಮೊಳಕಾಲ್ಮೂರು ತಾಲ್ಲೂಕುಗಳ ರೈತರ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ)



ಇವತ್ತು ನನಗೆ ಕೊಟ್ಟಿರುವ ವಿಷಯ ಲೆಕ್ಕ. ಅದೂ ಕಂಪ್ಯೂಟರಿನ ಲೆಕ್ಕ, ಮೊಬೈಲಿನ ಲೆಕ್ಕ. ಕೇಳಿದ ತಕ್ಷಣ ನಿಮ್ಮಲ್ಲಿ ಕೆಲವರ ಮುಖ ನೋಡಿದೆ. "ಬೆಲೆ ಕೊಡಿಸ್ರಿ, ಸಾಲ ಬಿಡಿಸ್ರಿ ಅಂದ್ರೆ ಇವನು ಮೇಷ್ಟ್ರ ಹಂಗೆ ಪಾಠ ಹೇಳೋಕೆ ಬಂದ್ನಲ್ಲಪ್ಪ" ಅಂತ ಅಂದುಕೊಂಡಿದ್ದೀರಿ. ತಪ್ಪಿಲ್ಲ. ಆದರೆ ಒಂದು ಮಾತು ನೆನಪು ಮಾಡಿಕೊಳ್ಳಿ. 1980ರಲ್ಲಿ ನರಗುಂದ, ನವಲಗುಂದದ ರೈತರು ಗುಂಡೇಟು ತಿಂದ ಮೇಲೆ ಈ ರಾಜ್ಯದಲ್ಲಿ ರೈತ ಚಳವಳಿ ಎದ್ದು ನಿಂತಿತು. ಆಗ ನಮ್ಮ ಹಿರಿಯರು ಹಳ್ಳಿ ಹಳ್ಳಿಗೆ ಹೋಗಿ ಹೇಳಿದ್ದು ಏನು? ರೈತ ಸಾಲಗಾರನಲ್ಲ, ಅವನ ಬೆಳೆಗೆ ಕೊಡಬೇಕಾದ ಬೆಲೆ ಕೊಡದೆ ಉಳಿಸಿಕೊಂಡಿರುವ ಸರ್ಕಾರವೇ ಅವನಿಗೆ ಬಾಕಿದಾರ ಅಂತ. ಇದು ಭಾವನೆಯ ಮಾತಲ್ಲ, ಲೆಕ್ಕದ ಮಾತು. ಖರ್ಚು ಎಷ್ಟು, ಬಂದ ಬೆಲೆ ಎಷ್ಟು, ಬರಬೇಕಾಗಿದ್ದದ್ದು ಎಷ್ಟು, ಕಳೆದು ನೋಡಿ ಅಂದರು. ಚಳವಳಿ ಹುಟ್ಟಿದ್ದೇ ಒಂದು ಕಳೆಯುವ ಲೆಕ್ಕದಿಂದ. ಆದ್ದರಿಂದ ಲೆಕ್ಕ ನಮಗೆ ಹೊಸದಲ್ಲ. ಲೆಕ್ಕ ಬರೆಯುವ ಕೈ ಮಾತ್ರ ಇಷ್ಟು ವರ್ಷ ನಮ್ಮದಾಗಿರಲಿಲ್ಲ.

ಚಳ್ಳಕೆರೆಯನ್ನು ಎಣ್ಣೆ ನಗರಿ ಅಂತ ಕರೀತಾರೆ. ಆ ಎಣ್ಣೆ ಬಂದದ್ದು ಗಿರಣಿಯ ಗಾಣದಿಂದ ಅಂತ ಊರಿನವರು ಹೇಳ್ತಾರೆ. ನಾವು ಹೇಳೋದು, ಬಂದದ್ದು ಪರಶುರಾಂಪುರ, ತಳಕು, ನಾಯಕನಹಟ್ಟಿ, ದೇವಸಮುದ್ರ, ರಾಂಪುರದ ಹೊಲಗಳಿಂದ. ರಾಜ್ಯದಲ್ಲೇ ತೀರ ಕಡಿಮೆ ಮಳೆ ಬೀಳುವ ನೆಲ ಇದು. ಮಳೆ ನಂಬಿ ಶೇಂಗಾ ಹಾಕಿ, ಅದು ಕೈಕೊಟ್ಟರೆ ಬೋರ್‌ವೆಲ್ ಕೊರೆಸಿ, ಈರುಳ್ಳಿ ಟೊಮೆಟೊ ಇಟ್ಟು, ಅದೂ ಕೈಕೊಟ್ಟರೆ ಮತ್ತೆ ಮಂಡಿಯ ಮೆಟ್ಟಿಲು ಹತ್ತುವ ಜನ ನಾವು. ಮಾಡಿದಷ್ಟು ನೀಡು ಭಿಕ್ಷೆ ಅನ್ನುವ ಮಾತು ಕೊಟ್ಟ ತಿಪ್ಪೇರುದ್ರಸ್ವಾಮಿಯ ಸೀಮೆಯಲ್ಲಿ, ಮಾಡಿದವನಿಗೆ ಎಷ್ಟು ಸಿಕ್ಕಿತು ಅನ್ನುವ ಲೆಕ್ಕ ಮಾಡಿದವನ ಹತ್ತಿರವೇ ಇಲ್ಲ.

ಹೊಲಕ್ಕೆ ಬಂದ ಎಸ್ಟಿಮೇಟ್

ಮುಂಚೆ ಹೇಗಿತ್ತು? ಮಂಡಿಯಲ್ಲಿ ಗುಮಾಸ್ತ ಕೆಂಪು ಬಟ್ಟೆ ಹೊದಿಸಿದ ಉದ್ದ ಪುಸ್ತಕ ಇಟ್ಟುಕೊಂಡು ಕೂತಿರ್ತಿದ್ದ. ಟವಲಿನ ಕೆಳಗೆ ಬೆರಳು ಹಿಡಿದು ಬೆಲೆ ಕುದುರಿಸುತ್ತಿದ್ದರು. ನಮ್ಮ ಮಾಲಿಗೆ ಬೆಲೆ ಕಟ್ಟೋದು ನಮಗೇ ಕಾಣುತ್ತಿರಲಿಲ್ಲ. 1966ರ ಮಾರುಕಟ್ಟೆ ಕಾಯ್ದೆ ಬಂತು, ಬಹಿರಂಗ ಹರಾಜು ಬಂತು, ಟೆಂಡರ್ ಬಂತು. 2014ರಲ್ಲಿ ರಾಜ್ಯದ ಮಾರುಕಟ್ಟೆಗಳನ್ನು ಒಂದೇ ಜಾಲಕ್ಕೆ ತರುವ ಆನ್‌ಲೈನ್ ವ್ಯವಸ್ಥೆ ಬಂತು, 2016ರಲ್ಲಿ ಕೇಂದ್ರದ ಇ-ನಾಮ್ ಬಂತು. ಅಂಗಳದ ಒಳಗೆ ಅಷ್ಟರಮಟ್ಟಿಗೆ ಬೆಳಕು ಬಿತ್ತು ಅನ್ನಬೇಕು.

ಆದರೆ ಈಗ ವ್ಯಾಪಾರವೇ ಅಂಗಳ ಬಿಟ್ಟು ಹೊಲಕ್ಕೆ ಬಂದಿದೆ. ಖರೀದಿದಾರನ ಹುಡುಗ ಬೈಕಿನಲ್ಲಿ ಬರ್ತಾನೆ. ರಾಶಿಗೆ ಕೈ ಹಾಕಿ ನಾಲ್ಕು ಕಾಯಿ ಒಡೆದು ನೋಡ್ತಾನೆ. ಜೇಬಿನಿಂದ ಮೊಬೈಲ್ ತೆಗೆದು ಟಕಟಕ ಒತ್ತುತ್ತಾನೆ. ಐದು ನಿಮಿಷದಲ್ಲಿ ನಿಮ್ಮ ವಾಟ್ಸಾಪಿಗೆ ಒಂದು ಚೀಟಿ ಬರುತ್ತೆ. ಮೇಲೆ ಅಂಗಡಿ ಹೆಸರು, ಕೆಳಗೆ ನಿಮ್ಮ ಹೆಸರು, ತೂಕ, ದರ, ಮೊತ್ತ, ಎಲ್ಲ ಅಚ್ಚುಕಟ್ಟು. ಮೇಲುಗಡೆ ಒಂದು ಸಣ್ಣ ಪದ ಇರುತ್ತೆ: ಎಸ್ಟಿಮೇಟ್. ನಾವು ಮೊತ್ತ ನೋಡ್ತೀವಿ, ಆ ಪದ ನೋಡೋದಿಲ್ಲ. ಎಸ್ಟಿಮೇಟ್ ಅಂದರೆ ಅಂದಾಜು. ಅಂದಾಜು ಅಂದರೆ ಬಿಲ್ಲಲ್ಲ. ಇವತ್ತಿನ ಇಡೀ ಮಾತು ಇಷ್ಟೇ. ಉಳಿದದ್ದೆಲ್ಲ ಇದರ ವಿವರಣೆ.

ನನಗೇ ಆದದ್ದು ಹೇಳ್ತೀನಿ. ಅಂಗಡಿಯ ಹೆಸರು ಬೇಡ, ಒಂದು ಅಂಗಡಿಯ ಕಥೆ ಇದಲ್ಲ. ಜೂನ್ 10ನೇ ತಾರೀಕು ಬೀಜ ಗೊಬ್ಬರಕ್ಕೆ ಅಂತ ಮಂಡಿಯಲ್ಲಿ 50,000 ರೂಪಾಯಿ ಮುಂಗಡ ತಗೊಂಡೆ. ಬಡ್ಡಿ ತಿಂಗಳಿಗೆ ನೂರಕ್ಕೆ 2 ರೂಪಾಯಿ, ಅಂದರೆ ವರ್ಷಕ್ಕೆ 24. ನವೆಂಬರ್ 10ಕ್ಕೆ ಶೇಂಗಾ ಕೊಟ್ಟೆ. ಮೊಬೈಲಿಗೆ ಬಂದ ಅಂದಾಜು: 20 ಕ್ವಿಂಟಲ್, ದರ 6,500, ಮೊತ್ತ 1,30,000. ಐದು ತಿಂಗಳ ಬಡ್ಡಿ 5,000 ಸೇರಿ ಸಾಲ 55,000. ಉಳಿದದ್ದು 75,000 ಕೈಗೆ ಬರುತ್ತೆ ಅಂತ ಮನೆಯಲ್ಲಿ ಹೇಳಿದೆ. ಆ ಮಾತಿನ ಮೇಲೆ ಮಗಳ ಕಾಲೇಜಿನ ಫೀಸಿಗೆ ವಾಯಿದೆ ಹೇಳಿ ಬಂದೆ.

ಹಣ ಕೇಳಿದಾಗಲೆಲ್ಲ "ಮಿಲ್ಲಿನಿಂದ ಬಂದಿಲ್ಲ ಗೌಡ್ರೆ, ಬರ್ಲಿ" ಅಂದರು. ಜನವರಿ 10ಕ್ಕೆ ಲೆಕ್ಕ ತೆಗೆದರು. ಮೇಜಿನ ಮೇಲಿನ ಕಂಪ್ಯೂಟರಿನಿಂದ ಕಾಗದ ಹೊರಗೆ ಬಂತು. ತೂಕ 19 ಕ್ವಿಂಟಲ್ 40 ಕಿಲೊ. ಯಾಕೆ? ತೇವ, ಚೀಲ, ಮಣ್ಣು. ದರ 6,350. ಯಾಕೆ? ಮಾಲು ಕಟ್ಟಿದ ದಿನ ಬಜಾರು ಇಳಿದಿತ್ತು. ಮೊತ್ತ 1,23,190. ಅದರಲ್ಲಿ ನೂರಕ್ಕೆ 2ರಂತೆ ಕಮಿಷನ್ 2,464, ಹಮಾಲಿ 600 ಕಳೆದು 1,20,126. ಸಾಲ ಎಷ್ಟು? 57,000. ಏಳು ತಿಂಗಳ ಬಡ್ಡಿ! ನನ್ನ ಮಾಲು ನವೆಂಬರಿನಲ್ಲೇ ಅವರ ಗೋದಾಮು ಸೇರಿದೆ. ನನ್ನ ಲಕ್ಷ ಚಿಲ್ಲರೆ ರೂಪಾಯಿ ಅವರ ಹತ್ತಿರ ಎರಡು ತಿಂಗಳು ಕೂತಿದೆ, ಅದಕ್ಕೆ ಬಡ್ಡಿ ಇಲ್ಲ. ಅವರ 50,000 ನನ್ನ ತಲೆಯ ಮೇಲೆ ಎರಡು ತಿಂಗಳು ಹೆಚ್ಚಿಗೆ ಕೂತಿದೆ, ಅದಕ್ಕೆ 2,000 ಬಡ್ಡಿ. ಕೈಗೆ ಬಂದದ್ದು 63,126. ಅಂದಾಜಿಗೂ ಲೆಕ್ಕಕ್ಕೂ ನಡುವೆ 11,874 ರೂಪಾಯಿ ಕಾಣೆಯಾಗಿತ್ತು.

"ಮೊಬೈಲಿನಲ್ಲಿ ಬಂದದ್ದು ಬೇರೆ ಇತ್ತಲ್ಲ" ಅಂದೆ. "ಅದು ಅಂದಾಜು" ಅಂದರು. ತೋರಿಸೋಣ ಅಂತ ಮೊಬೈಲ್ ತೆರೆದೆ. ನನಗೆ ಬಂದದ್ದು ಚಿತ್ರವಾಗಿರಲಿಲ್ಲ, ಲಿಂಕ್ ಆಗಿತ್ತು. ಒತ್ತಿದರೆ ಅದರಲ್ಲೂ 19.40, ಅದರಲ್ಲೂ 6,350! ನವೆಂಬರಿನ ಅಂಕಿಯೇ ಇಲ್ಲ. ಆ ಚೀಟಿ ಇದ್ದದ್ದು ನನ್ನ ಮೊಬೈಲಿನಲ್ಲಲ್ಲ. ಅವರ ಆನ್‌ಲೈನ್ ಖಾತೆಯಲ್ಲಿ. ಅವರು ಅಲ್ಲಿ ತಿದ್ದಿದರೆ ನನ್ನ ಅಂಗೈಯಲ್ಲೂ ತಿದ್ದಿಹೋಗುತ್ತೆ. ಅಂಗೈಯಲ್ಲಿದೆ ಅಂತ ನಂಬಿದ್ದೆ. ಕನ್ನಡಿಯೊಳಗಿನ ಗಂಟಾಗಿತ್ತು.

ಎರಡು ಯಂತ್ರ, ನಡುವೆ ಒಂದು ಕಂದಕ

ಈಗ ಇದು ಹೇಗೆ ನಡೆಯುತ್ತೆ ಅಂತ ತಿಳಿಯಬೇಕು. ತಿಳಿಯದೆ ಬೈದರೆ ಪ್ರಯೋಜನವಿಲ್ಲ.

ಮಂಡಿಯಲ್ಲಿ ಎರಡು ಬಗೆಯ ಲೆಕ್ಕ ನಡೆಯುತ್ತೆ. ಒಂದು ಮೇಜಿನ ಕಂಪ್ಯೂಟರಿನದು. ಹೆಚ್ಚು ಕಡೆ ಅದು ಟ್ಯಾಲಿ. ಅದು ಬೆಂಗಳೂರಿನದೇ ಕಂಪನಿ, 1986ರಲ್ಲಿ ಶುರುವಾದದ್ದು. ಶ್ಯಾಮ ಸುಂದರ ಗೋಯೆಂಕಾ ಅನ್ನುವ ಉದ್ಯಮಿಗೆ ತನ್ನ ವ್ಯವಹಾರಕ್ಕೆ ಒಪ್ಪುವ ಲೆಕ್ಕದ ತಂತ್ರಾಂಶ ಸಿಗಲಿಲ್ಲ. ಮಗ ಭರತ್ ಗೋಯೆಂಕಾ ಕೈಲಿ ಬರೆಸಿದರು. ಇದರಲ್ಲಿ ನಮಗೊಂದು ಪಾಠ ಇದೆ: ತನಗೆ ಬೇಕಾದ ಲೆಕ್ಕವನ್ನು ವ್ಯಾಪಾರಿ ತಾನೇ ಮಾಡಿಸಿಕೊಂಡ. ನಾವು ವ್ಯಾಪಾರಿಯ ಲೆಕ್ಕದಲ್ಲೇ ನಮ್ಮ ಪಾಲು ಹುಡುಕುತ್ತಾ ಕೂತಿದ್ದೇವೆ. ಈ ಮೇಜಿನ ಲೆಕ್ಕ ಇರುವುದು ಆ ಅಂಗಡಿಯ ಯಂತ್ರದಲ್ಲೇ. ಖಾತೆ, ಬಾಕಿ, ಬಡ್ಡಿ, ತೆರಿಗೆ ಎಲ್ಲಕ್ಕೂ ಅದೇ ತಾಯಿ ಪುಸ್ತಕ.

ಇನ್ನೊಂದು ಮೊಬೈಲಿನ ಆನ್‌ಲೈನ್ ಲೆಕ್ಕ. ಖಾತಾಬುಕ್‌ನಂಥವು ಹತ್ತಾರು ಇವೆ. ಇದರ ಅಂಕಿಗಳು ಎಲ್ಲೋ ದೂರದ ಕಂಪ್ಯೂಟರಿನಲ್ಲಿ ಕೂತಿರುತ್ತವೆ. ಹೊಲದಲ್ಲಿ ನಿಂತು ಬರೆಯಬಹುದು, ಅಂಗಡಿಯಲ್ಲಿ ಕೂತು ನೋಡಬಹುದು. ಸೌಕರ್ಯ ಹೌದು.

ಲೆಕ್ಕಶಾಸ್ತ್ರದ ಒಂದು ಹಳೆಯ ನಿಯಮ ಕೇಳಿ. ಅಂದಾಜು, ಕೊಟೇಶನ್ ಅನ್ನುವ ಚೀಟಿ ಖಾತೆಯನ್ನು ಮುಟ್ಟುವುದಿಲ್ಲ. ಟ್ಯಾಲಿಯಲ್ಲಿ ಹೀಗೆ ಬರೆದಿಟ್ಟು ಖಾತೆಗೆ ಸೇರಿಸದೆ ಬಿಡುವ ಚೀಟಿಗೆ ಬೇರೆ ಬಗೆಯೇ ಇದೆ. ಮೊಬೈಲಿನಲ್ಲೂ ಹಾಗೇ. ಯಾರೋ ಒಬ್ಬರು ಅದನ್ನು ಬಿಲ್ಲಾಗಿ ಬದಲಾಯಿಸುವವರೆಗೆ ನಿಮ್ಮ ಹೆಸರಿನ ಮುಂದೆ ಒಂದು ಪೈಸೆಯೂ ಜಮಾ ಆಗುವುದಿಲ್ಲ. ಅದು ತಂತ್ರಾಂಶದ ತಪ್ಪಲ್ಲ, ಅದು ಇರುವುದೇ ಹಾಗೆ. ಆದರೆ ಮುಂಗಡ ಕೊಟ್ಟದ್ದು ಮಾತ್ರ ಅದೇ ದಿನ ತಾಯಿ ಪುಸ್ತಕ ಸೇರಿರುತ್ತೆ. ಸಾಲ ಲೆಡ್ಜರಿನಲ್ಲಿ, ಮಾಲು ಅಂದಾಜಿನಲ್ಲಿ. ಈ ಎರಡರ ನಡುವೆ ಇರುವ ದಿನಗಳೇ ಕಂದಕ. ಆ ಕಂದಕದಲ್ಲಿ ರೈತನ ಬಡ್ಡಿ ಬೆಳೆಯುತ್ತೆ, ತೂಕ ಕರಗುತ್ತೆ, ದರ ಇಳಿಯುತ್ತೆ. ಬೆಳೆಗೆ ಮಳೆ ಬೇಕು, ಬಡ್ಡಿಗೆ ಮಳೆ ಬೇಡ.

ಎಲ್ಲವೂ ಮೋಸ ಅಂತಲೂ ನಾನು ಹೇಳುವುದಿಲ್ಲ. ಅಂಗಡಿಯವನಿಗೇ ಗೊತ್ತಿಲ್ಲದೆ ತಪ್ಪಾಗುವುದೂ ಉಂಟು. ಹೊಲದಲ್ಲಿ ಸಿಗ್ನಲ್ ಇರುವುದಿಲ್ಲ. ಹುಡುಗ ಬರೆದದ್ದು ಮೊಬೈಲಿನಲ್ಲೇ ಉಳಿದು ಸಂಜೆ ಊರು ಸೇರಿದ ಮೇಲೆ ಹೋಗುತ್ತೆ. ಅಷ್ಟರಲ್ಲಿ ಅಂಗಡಿಯಲ್ಲಿ ಇನ್ನೊಬ್ಬ ಅದೇ ಚೀಟಿ ತಿದ್ದಿದ್ದರೆ, ಎಷ್ಟೋ ತಂತ್ರಾಂಶಗಳಲ್ಲಿ ಕೊನೆಗೆ ಬಂದದ್ದೇ ನಿಲ್ಲುತ್ತೆ, ಮೊದಲಿನದು ಅಳಿಸಿಹೋಗುತ್ತೆ. ಒಂದು ಕಡೆ ಚೀಲದ ಲೆಕ್ಕ, ಇನ್ನೊಂದು ಕಡೆ ಕ್ವಿಂಟಲ್ ಲೆಕ್ಕ. ಒಂದೇ ಹೆಸರನ್ನು ಎರಡು ಬಗೆಯಲ್ಲಿ ಬರೆದು ಎರಡು ಖಾತೆ ತೆರೆದಿರುತ್ತಾರೆ. ನಮ್ಮ ಊರುಗಳಲ್ಲಿ ತಿಪ್ಪೇಸ್ವಾಮಿಗಳು ಎಷ್ಟು ಜನ ಇದ್ದಾರೆ ಎಣಿಸಿ! ಒಬ್ಬ ತಿಪ್ಪೇಸ್ವಾಮಿಯ ಮಾಲು ಇನ್ನೊಬ್ಬ ತಿಪ್ಪೇಸ್ವಾಮಿಗೆ ಜಮಾ ಆದರೆ ಮೊದಲನೆಯವನಿಗೆ ಬಡ್ಡಿ, ಎರಡನೆಯವನಿಗೆ ಅಚ್ಚರಿ.

ಮೋಸವೋ ತಪ್ಪೋ, ನಷ್ಟ ಮಾತ್ರ ಒಂದೇ ಕಡೆ ಬೀಳುತ್ತೆ. ಯಾಕೆ? ಲೆಕ್ಕ ಒಂದೇ ಕಡೆ ಇದೆ. ಎರಡು ಕಡೆ ಇದ್ದಿದ್ದರೆ ಹೋಲಿಸಿ ನೋಡಬಹುದಿತ್ತು.

ನಮ್ಮ ಅಂದಾಜು ನಾವೇ ಮಾಡಬೇಕು

ಹಾಗಾದರೆ ಏನು ಮಾಡಬೇಕು? ಮೊಬೈಲ್ ಬಿಸಾಕಬೇಕೆ? ಬೇಡ. ಅವರು ಮಾಡುವುದನ್ನೇ ನಾವೂ ಮಾಡಬೇಕು. ಹೊಲದಲ್ಲಿ ಮೊಬೈಲಿನ ಅಂದಾಜು, ಊರಲ್ಲಿ ಕಂಪ್ಯೂಟರಿನ ಖಾತೆ, ಎರಡನ್ನೂ ಕೂಡಿಸಿ ನಡೆಸುವುದು. ನಾನು ಆ ವರ್ಷದಿಂದ ಮಾಡುತ್ತಿರುವುದನ್ನು ಹೇಳ್ತೀನಿ. ಕಷ್ಟವಿಲ್ಲ. ಹಾಲಿನ ಡೈರಿಯ ಚೀಟಿ ಓದಲು ಬರುವವರಿಗೆ ಇದೂ ಬರುತ್ತೆ.

ಮೊದಲನೆಯದು, ಅಂದಾಜು ನಮ್ಮ ಮೊಬೈಲಿನಿಂದ ಹೊರಡಬೇಕು. ಮಾಲು ನಮ್ಮದು, ಮಾರುವವರು ನಾವು. ಪ್ರಪಂಚದಲ್ಲಿ ಎಲ್ಲಾ ಕಡೆ ಮಾರುವವನು ಎಸ್ಟಿಮೇಟ್ ಕೊಡ್ತಾನೆ, ಕೊಳ್ಳುವವನು ಒಪ್ಪುತ್ತಾನೆ ಇಲ್ಲವೆ ಬಿಡುತ್ತಾನೆ. ಬಟ್ಟೆ ಅಂಗಡಿಯಲ್ಲಿ ನಾವು ಹೋಗಿ ಚೀಟಿ ಬರೀತೀವಾ? ರೈತನ ಮಾಲಿಗೆ ಮಾತ್ರ ಕೊಳ್ಳುವವನೇ ಬರೀತಾನೆ. ಇದನ್ನು ತಿರುಗಿಸಬೇಕು. ಆ ಚೀಟಿಯಲ್ಲಿ ಇರಬೇಕಾದದ್ದು: ನಂಬರು, ತಾರೀಕು, ಮಾಲು, ಚೀಲ ಎಷ್ಟು, ಚೀಲದ ತೂಕ ಕಳೆದು ನಿವ್ವಳ ಎಷ್ಟು, ತೇವಕ್ಕೆ ಎಷ್ಟು ಬಿಡುವುದು, ದರ, ಹಮಾಲಿ ಬಾಡಿಗೆ ಯಾರದು, ಹಣ ಯಾವ ದಿನ. ಕೊನೆಗೆ ಒಂದು ಸಾಲು: "ಮಾಲು ಎತ್ತಿದ ದಿನವೇ ಈ ಮೊತ್ತ ನನ್ನ ಬಾಕಿಗೆ ಜಮಾ ಆಗತಕ್ಕದ್ದು." ಈ ಒಂದು ಸಾಲು ನನಗೆ ಎರಡು ತಿಂಗಳ ಬಡ್ಡಿ ಉಳಿಸುತ್ತಿತ್ತು. ಕಮಿಷನ್ ಅಂತ ಒಂದು ಕಲಂ ಬೇಡವೇ ಬೇಡ. ನಿಯಂತ್ರಿತ ಮಾರುಕಟ್ಟೆಯಲ್ಲಿ ದಲ್ಲಾಳಿಯ ಕಮಿಷನ್ ಕೊಡಬೇಕಾದವನು ಕೊಳ್ಳುವವನು, ರೈತನಲ್ಲ. ಅದು ನಮ್ಮ ರಾಜ್ಯದ ನಿಯಮ.

ಎರಡನೆಯದು, ಕಳಿಸುವುದು ಲಿಂಕ್ ಆಗಿರಬಾರದು. ಪಿಡಿಎಫ್ ಆಗಿ ಇಲ್ಲವೆ ಚಿತ್ರವಾಗಿ ಕಳಿಸಬೇಕು. ಅವರಿಂದ ಬಂದದ್ದು ಲಿಂಕ್ ಆದರೆ ತೆರೆದು ಆಗಲೇ ಸ್ಕ್ರೀನ್‌ಶಾಟ್ ತೆಗೆದಿಡಿ. ಖರೀದಿದಾರನಿಂದ "ಒಪ್ಪಿದೆ" ಅಂತ ಒಂದು ಪದ ಬರಲಿ. ಬರದಿದ್ದರೆ ಚೀಲಕ್ಕೆ ದಬ್ಬಣ ಹಾಕಬೇಡಿ. 2024ರ ಜುಲೈ 1ರಿಂದ ಜಾರಿಗೆ ಬಂದಿರುವ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲೂ ಎಲೆಕ್ಟ್ರಾನಿಕ್ ದಾಖಲೆ ಸಾಕ್ಷ್ಯವೇ. ಆದರೆ ಸಾಕ್ಷ್ಯ ಇಟ್ಟವನಿಗೆ ಮಾತ್ರ ಕಾಯ್ದೆ.

ಮೂರನೆಯದು, ತಾಯಿ ಪುಸ್ತಕ ಒಂದೇ ಇರಬೇಕು. ಮೊಬೈಲಿನಲ್ಲಿ ಅಂದಾಜು ಮಾತ್ರ, ಬಿಲ್ಲು ಮತ್ತು ಖಾತೆ ಕಂಪ್ಯೂಟರಿನಲ್ಲಿ ಮಾತ್ರ. ಅಂದಾಜನ್ನು ಮೊಬೈಲಿನಲ್ಲೂ ಬಿಲ್ ಮಾಡಿ, ಕಂಪ್ಯೂಟರಿನಲ್ಲೂ ಬಿಲ್ ಮಾಡಿದರೆ ಒಂದೇ ಶೇಂಗಾ ಎರಡು ಸಾರಿ ಮಾರಿದ ಹಾಗಾಗುತ್ತೆ. ಪುಸ್ತಕದಲ್ಲಿ ಶ್ರೀಮಂತ, ಮನೆಯಲ್ಲಿ ಬಡವ. ಅದಕ್ಕೆ ಮೊಬೈಲಿನ ಚೀಟಿಗೆ "ಮೊ" ಅಂತ ಮುಂದೆ ಹಾಕಿ ನಂಬರು ಕೊಡಿ: ಮೊ 1, ಮೊ 2, ಹೀಗೆ. ಕಂಪ್ಯೂಟರಿನಲ್ಲಿ ಬಿಲ್ ಬರೆಯುವಾಗ ಆ ನಂಬರನ್ನೂ ಬರೆಯಿರಿ. ಯಾವ ಅಂದಾಜಿಗೆ ಬಿಲ್ಲಾಗಿದೆ, ಯಾವುದಕ್ಕೆ ಆಗಿಲ್ಲ ಅಂತ ಒಂದು ನೋಟಕ್ಕೆ ಕಾಣುತ್ತೆ. ಬಿಲ್ಲಾಗದೆ ಉಳಿದ "ಮೊ" ನಂಬರುಗಳ ಪಟ್ಟಿ ಇದೆಯಲ್ಲ, ಅದೇ ನಿಮ್ಮ ಹಣ ಎಲ್ಲಿ ಸಿಕ್ಕಿಕೊಂಡಿದೆ ಅನ್ನುವ ನಕ್ಷೆ.

ನಾಲ್ಕನೆಯದು, ವಾರಕ್ಕೊಮ್ಮೆ ತಾಳೆ ನೋಡಬೇಕು. ಸಂತೆಯ ದಿನ ಇಟ್ಟುಕೊಳ್ಳಿ. ಮೊಬೈಲಿನ ಪಟ್ಟಿಯನ್ನು ಎಕ್ಸೆಲ್ ಹಾಳೆಯಾಗಿ ತೆಗೆಯಬಹುದು, ಅದನ್ನು ಕಂಪ್ಯೂಟರಿನ ಖಾತೆಯ ಪಕ್ಕ ಇಟ್ಟು ತೂಕಕ್ಕೆ ತೂಕ, ಮೊತ್ತಕ್ಕೆ ಮೊತ್ತ ನೋಡಿ. ತಿಂಗಳಿಗೊಮ್ಮೆ ಮಂಡಿಯಿಂದ ನಿಮ್ಮ ಖಾತೆಯ ನಕಲು ಕೇಳಿ. "ಯಾಕೆ ಗೌಡ್ರೆ, ನಂಬಿಕೆ ಇಲ್ವಾ" ಅಂತಾರೆ. ನಂಬಿಕೆ ಇದ್ದರೆ ತಾನೆ ನಕಲು ಕೊಡೋಕೆ ಹೆದರಿಕೆ ಇಲ್ಲದಿರೋದು ಅಂತ ಹೇಳಿ. ಕಂಪ್ಯೂಟರಿನ ಖಾತೆಯನ್ನು ಪೆನ್‌ಡ್ರೈವಿಗೂ ಒಂದು ಪ್ರತಿ ಹಾಕಿಡಿ. ನಮ್ಮ ಕಡೆ ಕರೆಂಟು ಯಾವಾಗ ಹೋಗುತ್ತೆ, ಯಂತ್ರ ಯಾವಾಗ ಸುಡುತ್ತೆ ಹೇಳೋಕಾಗಲ್ಲ.

ಒಬ್ಬನಿಂದ ಆಗದ್ದು ಸಂಘದಿಂದ ಆಗುತ್ತೆ

ಈಗ ನಿಮ್ಮ ಪ್ರಶ್ನೆ ನನಗೆ ಗೊತ್ತು. "ನಾಲ್ಕು ಎಕರೆಯವನು ಕಂಪ್ಯೂಟರ್ ಎಲ್ಲಿಂದ ತರಲಿ?" ತರುವುದು ಬೇಡ. ನಿಮ್ಮ ಊರಿನ ವ್ಯವಸಾಯ ಸೇವಾ ಸಹಕಾರ ಸಂಘಕ್ಕೆ ಹೋಗಿ ನೋಡಿ. ದೇಶದ 63,000 ಇಂಥ ಸಂಘಗಳಿಗೆ ಕಂಪ್ಯೂಟರ್ ಕೊಡುವ ಯೋಜನೆಗೆ ಕೇಂದ್ರ ಸರ್ಕಾರ 2022ರ ಜೂನಿನಲ್ಲಿ ಒಪ್ಪಿಗೆ ಕೊಟ್ಟಿತು. ಆಗ ಅದು 2,516 ಕೋಟಿ ರೂಪಾಯಿಯ ಯೋಜನೆಯಾಗಿತ್ತು. ಅದು ನಮ್ಮ ತೆರಿಗೆಯ ಹಣ. ನಾವು ಕೊಟ್ಟ ಸಾಲದ ಕಂತನ್ನು ಎಣಿಸುವುದಕ್ಕೆ ಆ ಯಂತ್ರ ಉಪಯೋಗವಾಗುತ್ತೆ ಅಂದರೆ, ನಮ್ಮ ಮಾಲಿನ ಲೆಕ್ಕ ಬರೆಯುವುದಕ್ಕೆ ಯಾಕೆ ಆಗಬಾರದು? ಇನ್ನು 2020ರಲ್ಲಿ 10,000 ರೈತ ಉತ್ಪಾದಕ ಸಂಸ್ಥೆಗಳನ್ನು ಕಟ್ಟುವ ಯೋಜನೆ ಬಂತು. ಈ ಸಂಸ್ಥೆಗಳಲ್ಲಿ ಷೇರು ಹಾಕಿರುವವರು ನಾವೇ. ಷೇರು ಹಾಕಿದವನಿಗೆ ಲೆಕ್ಕ ಕೇಳುವ ಹಕ್ಕು ಮಾತ್ರ ಅಲ್ಲ, ತನ್ನ ಲೆಕ್ಕ ಬರೆಸುವ ಹಕ್ಕೂ ಇದೆ.

ಇಲ್ಲಿ ಒಂದು ವಿಷಯ ಬಹಳ ಜನಕ್ಕೆ ತಿಳಿದಿಲ್ಲ. 2023ರ ಏಪ್ರಿಲ್ 1ರಿಂದ ಕಂಪನಿ ಕಾಯ್ದೆಗೆ ಒಳಪಟ್ಟ ಪ್ರತಿ ಕಂಪನಿಯೂ, ಲೆಕ್ಕದ ತಂತ್ರಾಂಶ ಬಳಸುವುದಾದರೆ, ತಿದ್ದುಪಡಿಯ ಜಾಡು ಇಡುವ ತಂತ್ರಾಂಶವನ್ನೇ ಬಳಸಬೇಕು. ಯಾರು, ಯಾವ ದಿನ, ಯಾವ ಅಂಕಿ ತಿದ್ದಿದರು ಅನ್ನುವ ಜಾಡು ಅದರಲ್ಲಿ ಉಳಿಯಬೇಕು, ಆ ಜಾಡನ್ನು ಆರಿಸಿ ಬಿಡುವ ಹಾಗಿರಬಾರದು. ನಮ್ಮ ರೈತ ಉತ್ಪಾದಕ ಕಂಪನಿಗಳಿಗೂ ಇದು ಅನ್ವಯ. ಆದರೆ ಒಬ್ಬನೇ ಮಾಲೀಕ ನಡೆಸುವ ಮಂಡಿ ಕಂಪನಿಯಲ್ಲ, ಆದ್ದರಿಂದ ಅದಕ್ಕೆ ಈ ನಿಯಮ ಇಲ್ಲ. ದೊಡ್ಡ ಕಂಪನಿಗಳ ಷೇರುದಾರನ ಹಣಕ್ಕೆ ಕಾವಲು ಇದೆ, ರೈತನ ಶೇಂಗಾಕ್ಕೆ ಇಲ್ಲ. ನಮ್ಮ ಬೇಡಿಕೆ ಸ್ಪಷ್ಟ ಇರಲಿ: ಮಾರುಕಟ್ಟೆ ಸಮಿತಿಯಿಂದ ಲೈಸೆನ್ಸ್ ಪಡೆದ ಪ್ರತಿಯೊಬ್ಬನೂ ತಿದ್ದುಪಡಿಯ ಜಾಡು ಉಳಿಯುವ ತಂತ್ರಾಂಶ ಬಳಸಬೇಕು, ರೈತನಿಗೆ ಕೊಡುವ ಅಂದಾಜು ಮತ್ತು ಬಿಲ್ಲು ಕನ್ನಡದಲ್ಲಿರಬೇಕು.

ಮೊಳಕಾಲ್ಮೂರಿನ ಬಂಧುಗಳಿಗೆ ಒಂದು ಮಾತು ಹೆಚ್ಚಾಗಿ ಹೇಳಬೇಕು. ನಿಮ್ಮದು ಗಡಿಯ ತಾಲ್ಲೂಕು. ಆಚೆ ಕಡೆ ರಾಯದುರ್ಗ, ಆಂಧ್ರ. ಖರೀದಿಗೆ ಎರಡೂ ಕಡೆಯಿಂದ ಬರ್ತಾರೆ. ಆಚೆಯವನ ಹತ್ತಿರ ನಮ್ಮ ಸಮಿತಿಯ ಲೈಸೆನ್ಸ್ ಇದೆಯೋ ಇಲ್ಲವೋ ಮೊಬೈಲಿನ ಚೀಟಿ ನೋಡಿದರೆ ತಿಳಿಯಲ್ಲ. ಚೀಟಿ ಯಾರು ಬೇಕಾದರೂ ಮಾಡಬಹುದು. ಹಾಗಾಗಿ ಅಂದಾಜಿನಲ್ಲಿ ಅವನ ಲೈಸೆನ್ಸ್ ನಂಬರು ಬರೆಸಿ. ಲಾರಿ ಗಡಿ ದಾಟಿದ ಮೇಲೆ ಅಂದಾಜು ಹಿಡಿದುಕೊಂಡು ಯಾವ ಕಚೇರಿಗೆ ಹೋಗ್ತೀರಿ? ಇದು ರೈತನ ಕಷ್ಟ ಮಾತ್ರವೂ ಅಲ್ಲ. ನಿಮ್ಮ ಊರಿನ ರೇಷ್ಮೆ ಸೀರೆ ನೇಯುವವರಿಗೂ ಇದೇ ಮಾತು ಹೇಳಿ. ಸೀರೆಯ ಫೋಟೊ ಮೊಬೈಲಿನಲ್ಲಿ ಕಳಿಸಿ, ದರ ಮೊಬೈಲಿನಲ್ಲಿ ಒಪ್ಪಿ, ಮಗ್ಗದ ಮುಂಗಡ ಮಾತ್ರ ಮಾಲೀಕನ ಪುಸ್ತಕದಲ್ಲಿದ್ದರೆ ಅವರ ಕಥೆಯೂ ನಮ್ಮ ಕಥೆಯೇ.

ಇನ್ನೊಂದು ಎಚ್ಚರಿಕೆ. ಪುಕ್ಕಟೆ ಸಿಗುವ ಆನ್‌ಲೈನ್ ಲೆಕ್ಕಕ್ಕೂ ಬೆಲೆ ಇದೆ. ನಿಮ್ಮ ಹತ್ತಿರ ಎಷ್ಟು ಚೀಲ ಇದೆ, ಸಾಲ ಎಷ್ಟು, ವಾಯಿದೆ ಯಾವಾಗ ಅನ್ನುವುದು ಒಬ್ಬನ ಕೈಗೆ ಸಿಕ್ಕರೆ, ನೀವು ಯಾವ ದಿನ ಯಾವ ಬೆಲೆಗೆ ಬಗ್ಗುತ್ತೀರಿ ಅನ್ನುವುದೂ ಅವನಿಗೆ ಗೊತ್ತಾಗುತ್ತೆ. ಆದ್ದರಿಂದ ಮೊಬೈಲಿನ ಆನ್‌ಲೈನಿನಲ್ಲಿ ಅಂದಾಜು ಮಾತ್ರ ಇರಲಿ, ಸಾಲದ ಪೂರ್ತಿ ಚರಿತ್ರೆ ಬೇಡ. ಅದು ಊರಿನ ಕಂಪ್ಯೂಟರಿನಲ್ಲಿ, ಬೀಗದ ಒಳಗೆ ಇರಲಿ. ಓಟಿಪಿ ಯಾರಿಗೂ ಹೇಳಬೇಡಿ. ಎರಡನ್ನೂ ಕೂಡಿಸಿ ಬಳಸಿ ಅಂತ ನಾನು ಹೇಳುವುದಕ್ಕೆ ಇದೂ ಒಂದು ಕಾರಣ. ಹೊಲಕ್ಕೆ ಒಯ್ಯುವ ಕೈ ಪುಸ್ತಕ ಬೇರೆ, ಪೆಟ್ಟಿಗೆಯಲ್ಲಿಡುವ ಪುಸ್ತಕ ಬೇರೆ. ನಮ್ಮ ಅಜ್ಜಂದಿರೂ ಹಾಗೇ ಮಾಡುತ್ತಿದ್ದರು.

ಲೆಕ್ಕದಿಂದ ಬೆಲೆಗೆ

ಕೊನೆಗೆ ಬೆಲೆಯ ವಿಷಯ. 2025–26ರ ಮುಂಗಾರಿಗೆ ಶೇಂಗಾಕ್ಕೆ ಕೇಂದ್ರ ಪ್ರಕಟಿಸಿದ ಬೆಂಬಲ ಬೆಲೆ ಕ್ವಿಂಟಲಿಗೆ 7,263 ರೂಪಾಯಿ. ನಾನು ಹೇಳಿದ 20 ಕ್ವಿಂಟಲಿಗೆ ಆ ಬೆಲೆ ಸಿಕ್ಕಿದ್ದರೆ 1,45,260 ಆಗುತ್ತಿತ್ತು. ಸರಿ, ಆ 7,263 ಹೇಗೆ ಬಂತು? ಖರ್ಚು 4,842 ಅಂತ ಹಿಡಿದು ಅದರ ಮೇಲೆ ಅರ್ಧ ಸೇರಿಸಿದ್ದಾರೆ. ಆ ಖರ್ಚಿನಲ್ಲಿ ಕೈಯಿಂದ ಹಾಕಿದ್ದು, ಮನೆಯವರ ದುಡಿಮೆ ಸೇರಿದೆ. ನಮ್ಮ ಸ್ವಂತ ಭೂಮಿಯ ಗೇಣಿ, ನಮ್ಮ ಸ್ವಂತ ಬಂಡವಾಳದ ಬಡ್ಡಿ ಸೇರಿಲ್ಲ. ಅದನ್ನೂ ಸೇರಿಸಿದ ಪೂರ್ತಿ ಖರ್ಚಿನ ಮೇಲೆ ಅರ್ಧ ಕೊಡಿ ಅನ್ನುವುದು ರೈತ ಸಂಘಟನೆಗಳ ಹಳೆಯ ಬೇಡಿಕೆ. ಉತ್ಪಾದನಾ ವೆಚ್ಚದ ಮೇಲೆ ನೂರಕ್ಕೆ 50 ಸೇರಿಸಿ ಬೆಲೆ ಕಟ್ಟಬೇಕು ಅಂತ ಸ್ವಾಮಿನಾಥನ್ ಆಯೋಗ 2006ರಲ್ಲಿ ಹೇಳಿತು. ನಮ್ಮ ರಾಜ್ಯದಲ್ಲಿ 2014ರಲ್ಲಿ ಕೃಷಿ ಬೆಲೆ ಆಯೋಗವೂ ಆಯಿತು.

ಈ ಆಯೋಗಗಳು ಖರ್ಚನ್ನು ಎಲ್ಲಿಂದ ತಿಳಿಯುತ್ತವೆ? ಅಲ್ಲೊಬ್ಬ ಇಲ್ಲೊಬ್ಬ ರೈತನ ಲೆಕ್ಕವನ್ನು ಬರೆದುಕೊಂಡು ಸರಾಸರಿ ತೆಗೀತಾರೆ. ನಮ್ಮ ಎರಡು ತಾಲ್ಲೂಕುಗಳ ಸಾವಿರ ಜನ ರೈತರು ಎರಡು ವರ್ಷ ಹೀಗೆ ಲೆಕ್ಕ ಬರೆದರು ಅಂತ ಇಟ್ಟುಕೊಳ್ಳಿ. ಬೀಜಕ್ಕೆ ಎಷ್ಟು, ವಿಫಲವಾದ ಬೋರ್‌ವೆಲ್ಲಿಗೆ ಎಷ್ಟು, ಅಂದಾಜು ಎಷ್ಟು, ಕೈಗೆ ಬಂದದ್ದು ಎಷ್ಟು, ನಡುವೆ ಕರಗಿದ್ದು ಎಷ್ಟು. ಆ ಹಾಳೆಗಳನ್ನು ತಗೊಂಡು ಆಯೋಗದ ಮುಂದೆ, ಜಿಲ್ಲಾಧಿಕಾರಿಯ ಮುಂದೆ, ಬ್ಯಾಂಕಿನ ಮುಂದೆ ನಿಂತರೆ ಅವರು ಏನು ಹೇಳುತ್ತಾರೆ? ಇಷ್ಟು ದಿನ ವೈಜ್ಞಾನಿಕ ಬೆಲೆ ಅಂತ ಕೂಗಿದೆವು. ವಿಜ್ಞಾನಕ್ಕೆ ಅಂಕಿ ಬೇಕು. ಅಂಕಿ ನಮ್ಮ ಹೊಲದಲ್ಲಿದೆ, ಬರೆದಿಟ್ಟಿಲ್ಲ ಅಷ್ಟೆ.

ಮೊಳಕಾಲ್ಮೂರಿನ ಬ್ರಹ್ಮಗಿರಿಗೆ ನೀವೆಲ್ಲ ಹೋಗಿದ್ದೀರಿ. ಅಲ್ಲಿ, ಸಿದ್ದಾಪುರದಲ್ಲಿ, ಜಟಿಂಗ ರಾಮೇಶ್ವರದಲ್ಲಿ ಅಶೋಕ ಬರೆಸಿದ ಬಂಡೆಯ ಶಾಸನಗಳಿವೆ. 1892ರಲ್ಲಿ ಬಿ. ಎಲ್. ರೈಸ್ ಅವರು ಅವುಗಳನ್ನು ಬೆಳಕಿಗೆ ತಂದರು. ಎರಡು ಸಾವಿರ ವರ್ಷ ದಾಟಿದ ಬರಹ. ಚಕ್ರವರ್ತಿಯ ಮಾತೆಲ್ಲ ಮುಗಿದ ಮೇಲೆ ಕೊನೆಯಲ್ಲಿ ಇನ್ನೊಂದು ಹೆಸರಿದೆ: ಚಪಡ. ಅವನು ಲಿಪಿಕಾರ, ಬರೆದವನು. ಬರೆದವನು ಯಾರು ಅಂತ ಕಲ್ಲಿನ ಮೇಲೆ ಇದೆ, ಬರೆದದ್ದನ್ನು ಆಮೇಲೆ ಯಾರೂ ತಿದ್ದಿಲ್ಲ. ಲೆಕ್ಕ ಅಂದರೆ ಇಷ್ಟೇ ನೋಡಿ. ಬರೆದವನ ಹೆಸರಿರಬೇಕು, ಬರೆದದ್ದು ನಿಲ್ಲಬೇಕು. ನಮ್ಮ ನೆಲದಲ್ಲೇ ಆ ಬಂಡೆ ಇಟ್ಟುಕೊಂಡು, ಯಾರೋ ಬರೆದು ಯಾವಾಗಲೋ ತಿದ್ದುವ ಲಿಂಕನ್ನು ನಂಬಿ ಮಾಲು ಎತ್ತಿಸುವುದು ಬೇಡ.

ಈ ಸುಗ್ಗಿಯಿಂದಲೇ ಶುರು ಮಾಡೋಣ. ಮನೆಯಲ್ಲಿ ಓದುತ್ತಿರುವ ಮಗಳೋ ಮಗನೋ ಇದ್ದರೆ ಅವರ ಕೈಗೆ ಕೊಡಿ, ಒಂದು ಸಂಜೆಯಲ್ಲಿ ಕಲಿಯುತ್ತಾರೆ. ಆದರೆ ತೂಕ, ದರ, ದಿನ ಈ ಮೂರನ್ನು ನೀವೇ ಓದಿ ನೋಡಿ. ಮುಂದಿನ ಸಭೆಗೆ ಬರುವಾಗ ಪ್ರತಿಯೊಬ್ಬರೂ ಬಿಲ್ಲಾಗದೆ ಉಳಿದ ಅಂದಾಜುಗಳ ಪಟ್ಟಿ ತನ್ನಿ. ಎಲ್ಲರದನ್ನೂ ಕೂಡಿಸೋಣ. ಈ ಎರಡು ತಾಲ್ಲೂಕಿನ ರೈತರ ಎಷ್ಟು ಹಣ, ಎಷ್ಟು ದಿನದಿಂದ, ಯಾರ ಹತ್ತಿರ ಬಡ್ಡಿಯಿಲ್ಲದೆ ಕೂತಿದೆ ಅಂತ ಒಂದೇ ಹಾಳೆಯಲ್ಲಿ ಕಾಣಲಿ. ಆಮೇಲೆ ಸಾಲಗಾರ ಯಾರು, ಬಾಕಿದಾರ ಯಾರು ಅಂತ ಅದೇ ಹಾಳೆ ಹೇಳುತ್ತೆ.